ಸಿಗರೇಟು ಬಿಟ್ಟು ಹನ್ನೊಂದು ದಿನ: ಆ ಮೂರು ಹೊತ್ತು ದಾಟುವುದು ಹೇಗೆ?

ಪ್ರಶ್ನೆ: ನನಗೆ 39 ವರ್ಷ. ದಾವಣಗೆರೆಯ ಒಂದು ಬೈಕ್ ಶೋರೂಮಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಾಲೇಜು ದಿನಗಳಿಂದ ಸಿಗರೇಟು ಸೇದುತ್ತಿದ್ದೆ. ದಿನಕ್ಕೆ ಹನ್ನೆರಡು, ಮೊದಲನೆಯದು ಎದ್ದ ಹತ್ತು ನಿಮಿಷಕ್ಕೇ. ಬಿಟ್ಟು ಹನ್ನೊಂದು ದಿನವಾಯಿತು. ಕೆಲಸದ ನಡುವೆ ಈಗ ಅದರ ನೆನಪೂ ಬರುವುದಿಲ್ಲ. ಆದರೆ ಬೆಳಗಿನ ಕಾಫಿ ಆದಮೇಲೆ, ಮಧ್ಯಾಹ್ನ ಊಟ ಆದಮೇಲೆ, ಸಂಜೆ ಐದಕ್ಕೆ ಜೊತೆಯವರ ಜೊತೆ ಟೀ ಅಂಗಡಿಗೆ ಹೋದಾಗ ಮೈಯೆಲ್ಲ ಚಡಪಡಿಸುತ್ತದೆ. ಮೊನ್ನೆ ಮದುವೆಯೊಂದರಲ್ಲಿ ಗೆಳೆಯನ ಸಿಗರೇಟಿನಿಂದ ಎರಡು ದಮ್ಮು ಎಳೆದುಬಿಟ್ಟೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ 2 ಮಿ.ಗ್ರಾಂ. ನಿಕೋಟಿನ್ ಗಮ್ ಜಗಿದರೆ ಬಿಕ್ಕಳಿಕೆ, ಗಂಟಲು ಉರಿ. ಇದು ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಲ್ವಾ? ಹೆಂಡತಿಯಂತೂ 'ಮಕ್ಕಳ ಮೇಲೆ ಹೀಗೆ ರೇಗೋದಕ್ಕಿಂತ ಒಂದು ಸೇದಿ ಬನ್ನಿ' ಅನ್ನುತ್ತಾಳೆ. ನನ್ನ ಮನಸ್ಸು ಅಷ್ಟು ದುರ್ಬಲವೇ? ಇದು ಎಷ್ಟು ದಿನ?

ಉತ್ತರ: ಕೆಲಸದ ನಡುವೆ ಸಿಗರೇಟಿನ ನೆನಪೂ ಬರುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ ಸಾಲು. ಒಂದು ತಿಂಗಳ ಹಿಂದೆ ಬೆಳಗ್ಗೆ ಹನ್ನೊಂದಕ್ಕೆ ಲೆಕ್ಕ ಅರ್ಧಕ್ಕೆ ಬಿಟ್ಟು ಹೊರಗೆ ಹೋಗದೆ ಕೂರುವುದು ನಿಮಗೆ ಆಗುತ್ತಿತ್ತೇ? ಮೈಗೆ ಬರೀ ನಿಕೋಟಿನ್ ಸಾಲದೆ ಬಂದ ಕಾಟವಾಗಿದ್ದರೆ ಅದು ಹನ್ನೊಂದಕ್ಕೂ ಬರಬೇಕಿತ್ತು, ಮೂರಕ್ಕೂ ಬರಬೇಕಿತ್ತು. ನಿಮ್ಮದು ಗಡಿಯಾರ ನೋಡಿಕೊಂಡು ಬರುತ್ತಿದೆ. ಹಾಗಾದರೆ ಮೈಯ ಪಾಲಿನ ಕಷ್ಟ ಬಹುಮಟ್ಟಿಗೆ ಮುಗಿಯುತ್ತಾ ಬಂದಿದೆ, ಹೊತ್ತು ಮತ್ತು ಜಾಗದ ಪಾಲು ಇನ್ನೂ ಉಳಿದಿದೆ. ಎರಡಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಎರಡನ್ನೂ ಸೇರಿಸಿ ಸುಮ್ನೆ 'ಮನಸ್ಸು ಗಟ್ಟಿ ಮಾಡ್ಕೋ' ಅಂತ ಹೇಳುವವರು ತುಂಬಾ ಜನ. ಆ ಸಲಹೆಯಿಂದ ಯಾರಿಗೂ ಜಾಸ್ತಿ ಉಪಯೋಗವಾಗಿದ್ದನ್ನು ನಾನು ಕಂಡಿಲ್ಲ.

ಮೊದಲು ಮೈಯ ಪಾಲು. ಒಂದು ದಮ್ಮು ಎಳೆದರೆ ನಿಕೋಟಿನ್ ಹತ್ತು-ಇಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಒಂದು ಕ್ಷಣ ಹಾಯೆನಿಸುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧವಾಗುತ್ತದೆ. ರಾತ್ರಿ ಏಳೆಂಟು ಗಂಟೆ ಮಲಗಿ ಎದ್ದರೆ ಉಳಿದಿರುವುದು ತೀರಾ ಸ್ವಲ್ಪ. ಎದ್ದ ಹತ್ತು ನಿಮಿಷಕ್ಕೆ ನೀವು ಹಚ್ಚುತ್ತಿದ್ದ ಸಿಗರೇಟು ಆ ಕೊರತೆ ತುಂಬಿಸಿಕೊಳ್ಳಲು. ಬಿಟ್ಟ ಮೇಲೆ ರೇಗುವುದು, ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು, ಹಸಿವು ಜಾಸ್ತಿಯಾಗುವುದು ಎಲ್ಲ ಮೊದಲ ದಿನವೇ ಶುರುವಾಗಿ ಎರಡು-ಮೂರನೇ ದಿನಕ್ಕೆ ಜೋರಾಗುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನದು ಇಳಿಯುತ್ತದೆ. ಕೆಲವರಿಗೆ ಮಲಬದ್ಧತೆ, ಬಾಯಿಹುಣ್ಣು, ಒಂದಿಷ್ಟು ಕೆಮ್ಮು ಕೂಡ ಬರುತ್ತದೆ. 'ಬಿಟ್ಟ ಮೇಲೇ ಕೆಮ್ಮು ಬಂತು, ಸೇದುವಾಗಲೇ ಚೆನ್ನಾಗಿದ್ದೆ' ಅಂತ ಮತ್ತೆ ಶುರು ಮಾಡುವವರೂ ಇದ್ದಾರೆ. ಆ ಕೆಮ್ಮು ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ.

ಇನ್ನು ಜಾಗದ ಪಾಲು. ಒಂದು ಸಿಗರೇಟಿಗೆ ಹತ್ತು ದಮ್ಮು ಎಂದಿಟ್ಟುಕೊಳ್ಳಿ. ಹನ್ನೆರಡಕ್ಕೆ ದಿನಕ್ಕೆ ನೂರಿಪ್ಪತ್ತು. ವರ್ಷಕ್ಕೆ ನಲವತ್ತು ಸಾವಿರ ದಾಟುತ್ತದೆ. ಅಷ್ಟು ಸಲ ನಿಮ್ಮ ಮಿದುಳು ಕಾಫಿ ಲೋಟದ ಬಿಸಿ, ಊಟದ ನಂತರದ ತೇಗು, ಟೀ ಅಂಗಡಿಯ ಬೆಂಚು, ಇವುಗಳ ಬೆನ್ನಿಗೇ ನಿಕೋಟಿನ್ ಬರುವುದನ್ನು ಕಲಿತಿದೆ. ದಿನಾ ಗೇಟಿನ ಹತ್ತಿರ ಬಿಸ್ಕತ್ತು ಹಾಕಿ ರೂಢಿ ಮಾಡಿದ ಬೀದಿನಾಯಿಯನ್ನು ನೋಡಿರುತ್ತೀರಿ. ಹಾಕುವುದು ನಿಲ್ಲಿಸಿದರೂ ಅದು ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ. ಮೊದಲ ಕೆಲವು ದಿನ ಇನ್ನೂ ಜೋರಾಗಿ ಬೊಗಳುತ್ತದೆ. ಏನೂ ಸಿಗದಿದ್ದರೆ ಬರುವುದು ಕಡಿಮೆಯಾಗುತ್ತದೆ. ಆದರೆ ವಾರಕ್ಕೊಮ್ಮೆ ಪಾಪ ಅಂತ ಒಂದು ಹಾಕಿದಿರೋ, ಅದು ಎಂದಿಗೂ ಬಿಡುವುದಿಲ್ಲ. ಅಪರೂಪಕ್ಕೊಮ್ಮೆ ಸಿಗುವುದು ದಿನಾ ಸಿಗುವುದಕ್ಕಿಂತ ಗಟ್ಟಿ ಅಭ್ಯಾಸ ಮಾಡಿಸುತ್ತದೆ. 'ಪಾರ್ಟಿಯಲ್ಲಿ ಮಾತ್ರ' ಎಂಬ ಒಪ್ಪಂದ ಮಾಡಿಕೊಂಡವರಿಗೆ ಚಟ ಪೂರ್ತಿ ಬಿಡದೆ ಇರುವುದು ಇದಕ್ಕೇ.

ಹಾಗಾಗಿ ಎಷ್ಟು ದಿನ ಎಂಬ ಪ್ರಶ್ನೆಗೆ ಎರಡು ಉತ್ತರ. ಒಂದೊಂದು ತುಡಿತ ಇರುವುದು ಮೂರರಿಂದ ಐದು ನಿಮಿಷ, ತೀರಾ ಹೆಚ್ಚೆಂದರೆ ಹತ್ತು. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತದೆ. ಆದರೆ ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬೇಡಿ. ಮೂರು-ನಾಲ್ಕು ತಿಂಗಳು ಏನೂ ಇಲ್ಲದೆ ಇದ್ದು, ರಾತ್ರಿ ಬಸ್ಸು ಹೈವೇ ಹೋಟೆಲ್ ಮುಂದೆ ನಿಂತಾಗ, ಕೆಳಗಿಳಿದ ಕೂಡಲೇ ಜೋರಾಗಿ ಒಂದು ಬರಬಹುದು. ಯಾಕೆಂದರೆ ಆ ಜಾಗವನ್ನು ಸಿಗರೇಟಿಲ್ಲದೆ ನೀವು ಇನ್ನೂ ಒಮ್ಮೆಯೂ ದಾಟಿಲ್ಲ. ಅದೂ ಐದು ನಿಮಿಷದ್ದೇ.

ಆ ಐದು ನಿಮಿಷದಲ್ಲಿ ಏನು ಮಾಡುವುದು? 'ಯೋಚನೆ ಮಾಡಬಾರದು' ಅಂತ ಅದನ್ನು ಒತ್ತಿ ಹಿಡಿಯಬೇಡಿ, ಹಿಡಿದಷ್ಟೂ ಮೇಲೇಳುತ್ತದೆ. ಬದಲಿಗೆ ಗಡಿಯಾರ ನೋಡಿ. ಚಡಪಡಿಕೆ ಮೈಯಲ್ಲಿ ಎಲ್ಲಿದೆ ಅಂತ ಹುಡುಕಿ. ಗಂಟಲಲ್ಲೇ, ಎದೆಯಲ್ಲೇ, ಬೆರಳ ತುದಿಯಲ್ಲೇ? ಹತ್ತಕ್ಕೆ ಎಷ್ಟು ಅಂತ ಒಂದು ಅಂಕ ಕೊಡಿ. ಒಂದು ನಿಮಿಷ ಬಿಟ್ಟು ಮತ್ತೆ ಕೊಡಿ. ಏಳು, ಎಂಟು, ಎಂಟು, ಆರು, ನಾಲ್ಕು ಅಂತ ಅದು ಇಳಿಯುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಲೆಕ್ಕ ಬರೆಯುವುದೇ ಕೆಲಸವಾದ ನಿಮ್ಮಂಥವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಜೊತೆಗೆ ಉಸಿರು. ಸಿಗರೇಟು ಸೇದುವಾಗ ಆಗುತ್ತಿದ್ದ ನೆಮ್ಮದಿಯಲ್ಲಿ ಒಂದು ಪಾಲು ಸಿಗರೇಟಿನದೇ ಅಲ್ಲ. ಕುರ್ಚಿ ಬಿಟ್ಟು ಎದ್ದು, ಬಯಲಿಗೆ ಬಂದು, ಉದ್ದಕ್ಕೆ ಉಸಿರೆಳೆದು ನಿಧಾನ ಬಿಡುತ್ತಿದ್ದಿರಲ್ಲ, ಅದರದ್ದು. ಆ ಎದ್ದು ಬರುವುದನ್ನು ಬಿಡಬೇಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆದು, ಬಾಯಿಂದ ಆರು ಎಣಿಸುವಷ್ಟು ಬಿಡಿ. ಹತ್ತು ಸಲ. ಒಂದು ಲೋಟ ನೀರು ಗುಟುಕು ಗುಟುಕಾಗಿ ಕುಡಿಯಿರಿ. ಹತ್ತು-ಹದಿನೈದು ನಿಮಿಷ ಬಿರುಸಾಗಿ ನಡೆದರೆ ನಡೆಯುವಾಗಲೂ, ನಡೆದು ನಿಂತ ಮೇಲೂ ಸ್ವಲ್ಪ ಹೊತ್ತು ತುಡಿತ ತಗ್ಗುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಈಗ ನಿಮ್ಮ ಮೂರು ಹೊತ್ತಿಗೆ ಬರೋಣ.

ಬೆಳಗಿನ ಕಾಫಿಯಲ್ಲಿ ಹೆಚ್ಚಿನವರಿಗೆ ಗೊತ್ತಿರದ ಒಂದು ಸಂಗತಿ ಇದೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳಿಂದಾಗಿ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸಿ ಹಾಕುತ್ತಿರುತ್ತದೆ. ಇದಕ್ಕೆ ಕಾರಣ ನಿಕೋಟಿನ್ ಅಲ್ಲ, ಹೊಗೆ. ಸೇದುವುದು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆ ಬಿರುಸು ಇಳಿಯುತ್ತದೆ. ಆಗ ನೀವು ಕುಡಿಯುವ ಅದೇ ಎರಡು ಲೋಟ ಫಿಲ್ಟರ್ ಕಾಫಿ ಮೈಯಲ್ಲಿ ಮೊದಲಿಗಿಂತ ಬಹಳ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಬರದಿರುವುದು. 'ಸಿಗರೇಟು ಇಲ್ಲದೆ ಹೀಗಾಗ್ತಿದೆ' ಅಂತ ನೀವು ಅಂದುಕೊಂಡಿರುವುದರಲ್ಲಿ ಅರ್ಧ ಕಾಫಿಯದ್ದಿರಬಹುದು. ಬಿಡುವುದೇನೂ ಬೇಡ, ಸದ್ಯಕ್ಕೆ ಅರ್ಧಕ್ಕೆ ಇಳಿಸಿ. ಮಧ್ಯಾಹ್ನದ ಮೇಲಿನ ಟೀಗೂ ಇದೇ ಮಾತು. ಇನ್ನು ಕುಡಿಯುವ ಜಾಗ ಬದಲಾಯಿಸಿ. ಇಷ್ಟು ದಿನ ಬಾಲ್ಕನಿಯಲ್ಲೋ ಮೆಟ್ಟಿಲ ಮೇಲೋ ಕೂತು ಕುಡಿಯುತ್ತಿದ್ದರೆ ಅಡುಗೆಮನೆಯಲ್ಲಿ ನಿಂತು ಕುಡಿಯಿರಿ. ಲೋಟ ಕೆಳಗಿಟ್ಟ ಕೂಡಲೇ ಸ್ನಾನಕ್ಕೆ ಹೋಗಿ. ಒದ್ದೆ ಕೈಯಲ್ಲಿ ಯಾರೂ ಸಿಗರೇಟು ಹಚ್ಚುವುದಿಲ್ಲ.

ಊಟದ ನಂತರದ್ದು ಮೂರರಲ್ಲಿ ಸುಲಭ. ಕೂತಲ್ಲೇ ಕೂರಬೇಡಿ. ಕೈ ತೊಳೆದ ಹಾಗೆಯೇ ಹಲ್ಲುಜ್ಜಿಬಿಡಿ. ಡಬ್ಬಿ ಜೊತೆ ಒಂದು ಬ್ರಷ್ ಇಟ್ಟುಕೊಂಡರೆ ಸಾಕು. ಆಮೇಲೆ ಸೋಂಪೋ, ಒಂದು ಲವಂಗವೋ, ಏಲಕ್ಕಿಯೋ ಬಾಯಿಗೆ ಹಾಕಿಕೊಳ್ಳಿ. ಇಲ್ಲಿ ಒಂದು ಎಚ್ಚರ. ಸಿಗರೇಟು ಬಿಟ್ಟವರು ಬಾಯಿ ಆಡಿಸಲು ಅಡಿಕೆಗೆ ಬೀಳುವುದನ್ನು ನಮ್ಮ ಕಡೆ ತುಂಬಾ ನೋಡುತ್ತೇವೆ. ಮೊದಲು ಬರೀ ಅಡಿಕೆಪುಡಿ, ಆಮೇಲೆ ಪಾನ್ ಮಸಾಲ, ಆಮೇಲೆ ಅದಕ್ಕೆ ತಂಬಾಕಿನ ಪೊಟ್ಟಣ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸ್ಪಷ್ಟವಾಗಿ ಹೇಳಿದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಲೇಬೇಕು. ಬೀಡಿಗೆ ಇಳಿಯುವುದೂ ಬಿಟ್ಟ ಲೆಕ್ಕಕ್ಕೆ ಬರುವುದಿಲ್ಲ. ಎಲೆ ಸುತ್ತಿದ್ದು ಎಂಬ ಮಾತ್ರಕ್ಕೆ ಅದು ಸಿಗರೇಟಿಗಿಂತ ಸಾಧುವಲ್ಲ. ಇ-ಸಿಗರೇಟು ಮಾರಾಟ ನಮ್ಮ ದೇಶದಲ್ಲಿ 2019ರಿಂದಲೇ ನಿಷೇಧವಾಗಿದೆ, ಅದರ ಮಾತು ಬೇಡ.

ಸಂಜೆ ಐದರ ಟೀಯೇ ನಿಜವಾದ ಕಷ್ಟ. ಅಲ್ಲಿ ಎಲ್ಲವೂ ಒಟ್ಟಿಗೇ ಇದೆ. ಜೊತೆಯವರು, ಹೊಗೆಯ ವಾಸನೆ, ಬಿಡಿಯಾಗಿ ಸಿಗುವ ಸಿಗರೇಟು, ಅಂಗಡಿ ಕಂಬಕ್ಕೆ ದಾರದಲ್ಲಿ ಕಟ್ಟಿ ನೇತುಹಾಕಿದ ಲೈಟರು. ಟೀ ಲೋಟ ಎಡಗೈಗೆ ಬಂದ ಕೂಡಲೇ ಬಲಗೈ ತಾನಾಗಿ ಅಂಗಿ ಜೇಬಿನ ಮೇಲೆ ಹೋಗುತ್ತದೆ, ಅಲ್ವಾ? ಜೇಬಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದರೂ ಹೋಗುತ್ತದೆ. ಇದು ಹದಿನೈದು-ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಕೈ ಮರೆಯದಿರುವುದು, ಅಷ್ಟೇ. ದುರ್ಬಲ ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಮೊದಲ ತಿಂಗಳು ಆ ಅಂಗಡಿ ಬೇಡ. ಸೋತು ಓಡಿಹೋಗುವುದು ಅಂತ ತಿಳಿಯಬೇಡಿ. ಮೈಯ ಕಷ್ಟವೂ ಜಾಗದ ಕಷ್ಟವೂ ಒಟ್ಟಿಗೇ ಮೇಲೆ ಬೀಳದ ಹಾಗೆ ಒಂದನ್ನು ಸ್ವಲ್ಪ ಮುಂದಕ್ಕೆ ಹಾಕುವುದು. ಆ ಹೊತ್ತಿಗೆ ಟೀಯನ್ನು ಶೋರೂಮಿಗೇ ತರಿಸಿಕೊಳ್ಳಿ. ಹೊರಗೆ ಹೋಗಲೇಬೇಕಾದರೆ ಸಿಗರೇಟು ಮಾರದ ಕಡೆ ಹೋಗಿ. ನೀವು ಇರುವುದು ದಾವಣಗೆರೆಯಲ್ಲಿ, ಸಂಜೆ ಹೊತ್ತಿಗೆ ಖಾರ ಮಂಡಕ್ಕಿಗೆ ಬರವೇ? ಕೈಗೂ ಕೆಲಸ, ಬಾಯಿಗೂ ಕೆಲಸ. ಒಂದೊಂದೇ ಹಿಡಿ ತಿನ್ನಲು ಹದಿನೈದು ನಿಮಿಷ ಬೇಕು, ಅಷ್ಟರಲ್ಲಿ ತುಡಿತ ಬಂದು ಹೋಗಿರುತ್ತದೆ. ಮಿರ್ಚಿ ಮಾತ್ರ ದಿನಾ ಬೇಡ. ಸಿಗರೇಟು ಬಿಟ್ಟ ಮೊದಲ ವರ್ಷದಲ್ಲಿ ತೂಕ ಸರಾಸರಿ ನಾಲ್ಕೈದು ಕೆ.ಜಿ. ಏರುವುದುಂಟು, ಎಣ್ಣೆ ಮತ್ತು ಸಿಹಿ ತಿಂಡಿ ಅದನ್ನು ಇನ್ನೂ ಏರಿಸುತ್ತದೆ.

ಜೊತೆಯವರಿಗೆ ಬಾಯಿಬಿಟ್ಟು ಹೇಳಿ. 'ಕಡಿಮೆ ಮಾಡಿದ್ದೀನಿ' ಎಂದರೆ ನಾಳೆಯೇ ಒಬ್ಬರು ಪ್ಯಾಕು ಮುಂದೆ ಹಿಡಿಯುತ್ತಾರೆ. 'ಬಿಟ್ಟಿದ್ದೀನಿ, ದಯವಿಟ್ಟು ಕೊಡಬೇಡಿ, ನಾನು ಕೇಳಿದರೂ ಕೊಡಬೇಡಿ' ಎನ್ನಿ. ಇಬ್ಬರು ನಗಬಹುದು, ಒಬ್ಬರು 'ನೋಡೋಣ ಎಷ್ಟು ದಿನ' ಅನ್ನಬಹುದು. ಅನ್ನಲಿ. ತಿಂಗಳ ನಂತರ ಒಂದು ದಿನ, ಹೊಟ್ಟೆ ತುಂಬಿರುವಾಗ, ಬಾಯಲ್ಲಿ ಲವಂಗ ಇಟ್ಟುಕೊಂಡು ಆ ಅಂಗಡಿಗೆ ಹೋಗಿ. ಟೀ ಲೋಟ ಬಲಗೈಯಲ್ಲಿ ಹಿಡಿಯಿರಿ. ಕುಡಿದು ಹತ್ತು ನಿಮಿಷಕ್ಕೆ ಎದ್ದು ಬನ್ನಿ. ಮತ್ತೆ ಎರಡು ದಿನ ಬಿಟ್ಟು ಹೋಗಿ. ಆ ಜಾಗದಲ್ಲಿ ಸೇದದೆ ಎದ್ದು ಬಂದ ಪ್ರತಿ ಸಲವೂ ಟೀಗೂ ಸಿಗರೇಟಿಗೂ ಇರುವ ಗಂಟು ಒಂದಿಷ್ಟು ಸಡಿಲವಾಗುತ್ತದೆ. ವರ್ಷಗಟ್ಟಲೆ ಆ ಕಡೆ ತಲೆಹಾಕದೆ ದೂರ ಇದ್ದರೆ ಗಂಟು ಹಾಗೇ ಉಳಿದಿರುತ್ತದೆ. ಎಂದೋ ಒಂದು ದಿನ ಹೋದಾಗ ಕೈಕೊಡುತ್ತದೆ.

ನಡುವೆ ಒಂದು ಮಾತು ಕೇಳಲೇ? ಮನೆಯ ಬೀರುವಿನಲ್ಲೋ ಗಾಡಿ ಡಿಕ್ಕಿಯಲ್ಲೋ 'ತೀರಾ ತಡೆಯಲಾಗದಿದ್ದರೆ ಇರಲಿ' ಅಂತ ಒಂದು ಪ್ಯಾಕು ಇಟ್ಟಿದ್ದೀರಾ? ಇದ್ದರೆ ಇವತ್ತೇ ನೀರಲ್ಲಿ ನೆನೆಸಿ ಎಸೆಯಿರಿ. ಐದು ನಿಮಿಷದ ತುಡಿತಕ್ಕೆ ಅಂಗಡಿ ಅರ್ಧ ಕಿಲೋಮೀಟರ್ ದೂರ ಇದ್ದರೆ ಗೆಲ್ಲುವುದು ನೀವು. ಡಿಕ್ಕಿಯಲ್ಲೇ ಇದ್ದರೆ ಗೆಲ್ಲುವುದು ಅದು.

ಮದುವೆಯ ಆ ಎರಡು ದಮ್ಮು. ಅಲನ್ ಮಾರ್ಲಟ್ ಎಂಬ ಅಮೆರಿಕದ ಮನೋವಿಜ್ಞಾನಿ ಚಟ ಬಿಟ್ಟವರು ಮತ್ತೆ ಹೇಗೆ ಬೀಳುತ್ತಾರೆ ಎಂಬುದನ್ನೇ ಬಹಳ ಕಾಲ ಅಧ್ಯಯನ ಮಾಡಿದವರು. ಅವರು ತೋರಿಸಿದ್ದು ಇದು: ಒಂದು ಸಲ ತಪ್ಪಿದ್ದಕ್ಕಿಂತ ಹೆಚ್ಚು ಹಾಳು ಮಾಡುವುದು ಅದರ ನಂತರ ಬರುವ 'ಎಲ್ಲಾ ಹೋಯ್ತು, ನನ್ನ ಕೈಲಿ ಆಗಲ್ಲ' ಎಂಬ ಯೋಚನೆ. ಆ ಯೋಚನೆಯೇ ಎರಡನೇ ಸಿಗರೇಟು ಹಚ್ಚಿಸುತ್ತದೆ. ಹಾಗಂತ 'ಎರಡು ದಮ್ಮು ತಾನೇ' ಅಂತ ತಳ್ಳಿಹಾಕುವುದೂ ಬೇಡ. ತಪ್ಪಿದವರಲ್ಲಿ ಬಹಳ ಜನ ಮುಂದಿನ ಕೆಲವು ವಾರಗಳಲ್ಲೇ ಮೊದಲಿನಂತೆ ಸೇದಲು ಶುರು ಮಾಡುತ್ತಾರೆ. ನೀವು ಮಾಡಬೇಕಾದ್ದು ಇಷ್ಟೆ. ಅವತ್ತು ಏನೇನಿತ್ತು ಅಂತ ಬರೆದಿಡಿ. ಯಾರು ಜೊತೆಗಿದ್ದರು, ಎಷ್ಟು ಗಂಟೆ, ಹಸಿದಿದ್ದಿರಾ, ಒಂದೆರಡು ಪೆಗ್ ಆಗಿತ್ತಾ? ಪೆಗ್ ಆಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಸಿಗರೇಟು ಬಿಟ್ಟವರು ಜಾರುವ ಜಾಗಗಳಲ್ಲಿ ಮದ್ಯದ ಮೇಜು ಮುಂಚೂಣಿಯಲ್ಲಿದೆ. ಮೊದಲ ಎರಡು-ಮೂರು ತಿಂಗಳು ಅದನ್ನು ಪೂರ್ತಿ ಬಿಡಿ ಎಂದೇ ನಾನು ಹೇಳುತ್ತೇನೆ. ನಿಮ್ಮ ಹನ್ನೊಂದು ದಿನದ ಲೆಕ್ಕವನ್ನು ಅಳಿಸಿ ಸೊನ್ನೆಯಿಂದ ಶುರು ಮಾಡಬೇಡಿ. ಲೆಕ್ಕ ಹಾಗೇ ಮುಂದುವರಿಯಲಿ.

ಈಗ ಗಮ್. ಬಿಕ್ಕಳಿಕೆ, ಗಂಟಲು ಉರಿ ಬರುವುದು ಅದನ್ನು ಬಬಲ್‌ಗಮ್‌ನಂತೆ ಜಗಿದಾಗ. ಆಗ ನಿಕೋಟಿನ್ ಎಂಜಲಲ್ಲಿ ಸೇರಿ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಹೋದದ್ದು ಕೆಲಸಕ್ಕೂ ಬರುವುದಿಲ್ಲ, ತೊಂದರೆಯೂ ಕೊಡುತ್ತದೆ. ಗಮ್ ಕೆಲಸ ಮಾಡಬೇಕಾದ್ದು ಕೆನ್ನೆಯ ಒಳಪದರದಿಂದ. ನಿಧಾನವಾಗಿ ಕೆಲವು ಸಲ ಜಗಿಯಿರಿ. ಮೆಣಸಿನ ಹಾಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಕೊಳ್ಳಿ. ಚುರುಚುರು ಇಳಿದ ಮೇಲೆ ಮತ್ತೆ ಎರಡು-ಮೂರು ಸಲ ಜಗಿದು ಆಚೆ ಕೆನ್ನೆಗೆ ಇಡಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಹದಿನೈದು ನಿಮಿಷ ಮೊದಲಿನಿಂದ, ಬಾಯಲ್ಲಿರುವವರೆಗೂ ಕಾಫಿ, ಜ್ಯೂಸ್, ಸೋಡಾ ಬೇಡ. ಅವುಗಳ ಹುಳಿಗೆ ನಿಕೋಟಿನ್ ಸರಿಯಾಗಿ ಒಳಗೆ ಇಳಿಯುವುದಿಲ್ಲ. ನೀವು ಬೆಳಗ್ಗೆ ಕಾಫಿ ಕುಡಿದ ಕೂಡಲೇ ಗಮ್ ಹಾಕುತ್ತಿದ್ದರೆ ಅದು ಆ ಹೊತ್ತಿಗೆ ಕೆಲಸ ಮಾಡದೆ ಇರುವುದು ಸಹಜ. ಮೊದಲು ಗಮ್, ಆಮೇಲೆ ಕಾಫಿ. ತುಡಿತ ನೆತ್ತಿಗೇರಿದ ಮೇಲೆ ಹುಡುಕುವುದೂ ತಡ. ಐದಕ್ಕೆ ಬರುತ್ತದೆ ಎಂದು ಗೊತ್ತಿದೆಯಲ್ಲ, ನಾಲ್ಕೂಮುಕ್ಕಾಲಿಗೆ ಬಾಯಲ್ಲಿರಲಿ.

ಡೋಸ್ ಕೂಡ ಸಾಲುತ್ತಿಲ್ಲ ಅನಿಸುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ. ಗಮ್ ಕೊಡುತ್ತೇವೆ. ಅದಕ್ಕೆ ವೈದ್ಯರ ಚೀಟಿ ಬೇಕು. ದಿನವಿಡೀ ಒಂದೇ ಮಟ್ಟದಲ್ಲಿ ನಿಕೋಟಿನ್ ಬಿಡುವ ಪ್ಯಾಚನ್ನು ಚರ್ಮಕ್ಕೆ ಅಂಟಿಸಿಕೊಂಡು, ಆ ಮೂರು ಹೊತ್ತಿಗೆ ಮಾತ್ರ ಗಮ್ ಬಳಸುವುದು ಬರೀ ಒಂದನ್ನೇ ನೆಚ್ಚುವುದಕ್ಕಿಂತ ಒಳ್ಳೆಯದು. ಇದೂ ಸಾಲದಿದ್ದರೆ ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳಿವೆ. ಇವನ್ನು ವೈದ್ಯರೇ ನೋಡಿ ಕೊಡಬೇಕು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಕೊಡುವುದಿಲ್ಲ.

ಒಂದು ಚಟ ಬಿಟ್ಟು ಇನ್ನೊಂದೇ ಎಂದು ಕೇಳಿದ್ದೀರಿ. ಕ್ಯಾನ್ಸರ್ ತರುವುದು, ಶ್ವಾಸಕೋಶ ಕೆಡಿಸುವುದು ಮುಖ್ಯವಾಗಿ ಹೊಗೆ. ಅದರ ಟಾರು, ಅದರ ಕಾರ್ಬನ್ ಮಾನಾಕ್ಸೈಡ್. ಗಮ್ಮಿನಲ್ಲಿ ಇವೆರಡೂ ಇಲ್ಲ. ಅದರ ನಿಕೋಟಿನ್ ಕೂಡ ಸೆಕೆಂಡುಗಳಲ್ಲಿ ಮಿದುಳಿಗೆ ನುಗ್ಗುವುದಿಲ್ಲ, ನಿಮಿಷಗಟ್ಟಲೆ ನಿಧಾನವಾಗಿ ಏರುತ್ತದೆ. ಹಾಗಾಗಿ ಅದಕ್ಕೇ ಅಂಟಿಕೊಳ್ಳುವವರು ಕಡಿಮೆ. ಹನ್ನೆರಡು ವಾರದಲ್ಲಿ ಇಳಿಸುತ್ತಾ ಬಂದು ನಿಲ್ಲಿಸುವುದು ರೂಢಿ. ನನ್ನ ಅನುಭವದಲ್ಲಿ ಜನ ಮಾಡುವ ತಪ್ಪು ಇದರ ಉಲ್ಟಾ: 'ಬೇಗ ಬಿಡಬೇಕು' ಅಂತ ಹತ್ತೇ ದಿನಕ್ಕೆ ಗಮ್ ನಿಲ್ಲಿಸುತ್ತಾರೆ, ಹನ್ನೆರಡನೇ ದಿನ ಸಿಗರೇಟು ಹಚ್ಚುತ್ತಾರೆ.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಎಲ್ಲರೂ ಎರಡು ವಾರ ಉಸಿರು ಬಿಗಿಹಿಡಿದು ಓಡಾಡುವುದು ಸುಲಭವಲ್ಲ. ಆದರೆ ಒಂದು ಸಿಗರೇಟಿನಿಂದ ಸಿಗುವ ಶಾಂತಿ ಒಂದೆರಡು ಗಂಟೆಯದ್ದು. ಅದರ ನಿಕೋಟಿನ್ ಇಳಿದ ಕೂಡಲೇ ರೇಗಾಟ ಮತ್ತೆ ಬರುತ್ತದೆ, ಹನ್ನೊಂದು ದಿನದ ಕಷ್ಟ ಎರಡನೇ ಸಲ ಪಡಬೇಕಾಗುತ್ತದೆ. ಟೆನ್ಷನ್ ಕಳೆಯುತ್ತದೆ ಎಂದು ನಾವು ನಂಬಿರುವ ಸಿಗರೇಟು, ತಾನೇ ತಂದ ಟೆನ್ಷನ್ನನ್ನು ತಾನೇ ಇಳಿಸುತ್ತಿರುತ್ತದೆ. 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2014ರಲ್ಲಿ ಬ್ರಿಟನ್ನಿನ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ತಗ್ಗಿದ್ದು ಅದರಲ್ಲಿ ಕಂಡಿತು. ಸದ್ಯಕ್ಕೆ ಒಂದು ಒಪ್ಪಂದ ಮಾಡಿಕೊಳ್ಳಿ. ಸಿಟ್ಟು ಏರುತ್ತಿದೆ ಅನಿಸಿದರೆ 'ಹತ್ತು ನಿಮಿಷ' ಎಂದಷ್ಟೇ ಹೇಳಿ ನೀವು ಟೆರೇಸಿಗೋ ರಸ್ತೆಗೋ ಹೋಗಿ ನಡೆದು ಬನ್ನಿ, ಅವರು ಏನೂ ಕೇಳದಿರಲಿ. ಮಕ್ಕಳಿಗೂ 'ಅಪ್ಪ ಸಿಗರೇಟು ಬಿಡ್ತಿದ್ದಾರೆ, ಅದಕ್ಕೇ ಸಿಡಿಮಿಡಿ' ಅಂತ ಹೇಳಿ. ಮಕ್ಕಳಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

ಒಬ್ಬರೇ ಒದ್ದಾಡಬೇಕಿಲ್ಲ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ 1800-112-356 ಎಂಬ, ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿಗೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ದಿನಗಳಲ್ಲಿ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆಯೂ ಇದೆ. ಎರಡು ವಾರ ಕಳೆದರೂ ಮನಸ್ಸು ಮಂಕಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದರೆ ಅದನ್ನು ಸಿಗರೇಟಿನ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಮನೋವೈದ್ಯರನ್ನು ನೋಡಿ.

ಕೊನೆಗೆ, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಿಗರೇಟು ಬಿಟ್ಟಿರುವುದನ್ನು ಆ ವೈದ್ಯರಿಗೆ ತಿಳಿಸಿ. ಕಾಫಿಗೆ ಆದದ್ದೇ ಕೆಲವು ಔಷಧಿಗಳಿಗೂ ಆಗುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ರಕ್ತದಲ್ಲಿ ಏರಬಹುದು, ಆಗ ಡೋಸ್ ಇಳಿಸಬೇಕಾಗುತ್ತದೆ. ಶುಗರ್ ಇರುವವರು ಮೊದಲ ಕೆಲವು ವಾರ ಎಂದಿಗಿಂತ ಹೆಚ್ಚು ಸಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ ಗಮ್, ಪ್ಯಾಚ್ ಎರಡನ್ನೂ ಹೃದಯದ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.